ಅವಳಿ ಗೋಪುರಕ್ಕೆ ಬೆನ್ನು ಮಾಡಿ ನಿಂತರೆ: ಬಡಾವಣೆಯ ಫೋಟೋ ಮಾರುವ ಬಗೆ

ಕ್ವಾಲಾಲಂಪುರದ ನಗರಕೇಂದ್ರದಿಂದ ನೈರುತ್ಯಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಬಾಂಗ್ಸಾರ್. ಏರುತಗ್ಗಿನ ಬಡಾವಣೆ. ಅಲ್ಲಿನ ಎಷ್ಟೋ ಫ್ಲ್ಯಾಟುಗಳ ಬಾಲ್ಕನಿಯಿಂದ ಪೆಟ್ರೋನಾಸ್ ಅವಳಿ ಗೋಪುರ ಕಾಣುತ್ತದೆ. ಹೊಸ ಕ್ಯಾಮೆರಾ ಕೊಂಡವರು ಮೊದಲ ವಾರ ತೆಗೆಯುವುದು ಅದನ್ನೇ: ಸಂಜೆಗೆಂಪಿನಲ್ಲಿ ಒಂದು, ದೀಪ ಹತ್ತಿದ ಮೇಲೊಂದು, ಮಳೆಮೋಡದ ಜೊತೆ ಇನ್ನೊಂದು. ನೆಂಟರ ವಾಟ್ಸ್ಯಾಪ್ ಗುಂಪಿನಲ್ಲಿ ಅದಕ್ಕೆ ಸಿಗುವಷ್ಟು ಹೊಗಳಿಕೆ ಬೇರೆ ಯಾವ ಚಿತ್ರಕ್ಕೂ ಸಿಗುವುದಿಲ್ಲ. ಮಾರಲು ಹೊರಟಾಗ ಮಾತ್ರ ಅದಕ್ಕಿಂತ ಕಷ್ಟದ ಸರಕು ಇನ್ನೊಂದಿಲ್ಲ.

ಯಾಕೆಂದರೆ 452 ಮೀಟರ್ ಎತ್ತರದ ಆ ಗೋಪುರ ತಲೆಯೆತ್ತಿದಾಗಿನಿಂದ ಅದರ ಮುಂದೆ ನಿಂತವರೆಲ್ಲರೂ ಅದೇ ಚಿತ್ರ ತೆಗೆದಿದ್ದಾರೆ. ಅವರಲ್ಲಿ ನುರಿತ ವೃತ್ತಿಪರರೂ ಸಾಕಷ್ಟು ಮಂದಿ. ಅದಲ್ಲದೆ ಗೋಪುರದ ಆಕೃತಿಯ ಮೇಲೆ ಟ್ರೇಡ್‌ಮಾರ್ಕ್ ಹಕ್ಕಿದೆ ಎನ್ನುತ್ತಾರೆ ಅದರ ಮಾಲೀಕರು. ಹಾಗಾಗಿ ಚಿತ್ರ ಮಾರುವ ತಾಣಗಳು ಅದನ್ನೇ ಮುಖ್ಯ ವಸ್ತುವಾಗಿಟ್ಟ ಫೋಟೋವನ್ನು ಜಾಹೀರಾತು ಬಳಕೆಗೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತವೆ. ಪ್ಯಾರಿಸ್ಸಿನ ಐಫೆಲ್ ಗೋಪುರದ ರಾತ್ರಿ ದೀಪಾಲಂಕಾರಕ್ಕೂ, ಸಿಡ್ನಿಯ ಒಪೆರಾ ಹೌಸಿಗೂ ಇಂಥದ್ದೇ ತೊಡಕಿದೆ.

ಅದೇ ಬಾಲ್ಕನಿಯಿಂದ ಇಳಿದು, ಗೋಪುರಕ್ಕೆ ಬೆನ್ನು ಮಾಡಿ, ಭಾನುವಾರ ಸಂಜೆ ತೆಲಾವಿ ರಸ್ತೆಯ ಕಡೆ ನಡೆದರೆ ಮಸೀದಿಯ ಬಳಿ 'ಪಸಾರ್ ಮಾಲಂ', ಅಂದರೆ ರಾತ್ರಿ ಸಂತೆ, ಕಟ್ಟಿರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಚಹಾ ಸುರಿದು, ದಾರ ಬಿಗಿದು, ಸ್ಟ್ರಾ ಸಿಕ್ಕಿಸಿ ಕೊಡುವ ಕೈ. ಕಡಲೆಬೀಜ ತುಂಬಿದ ದೋಸೆಯಂಥ ಆಪಂ ಬಾಲಿಕ್ ಅನ್ನು ಮಡಚುತ್ತಿರುವ ಸಟ್ಟುಗ. ರಿಂಗಿಟ್‌ನಲ್ಲಿ ಬೆಲೆ ಬರೆದ ರಟ್ಟು. ಪ್ರವಾಸಿ ಇಲ್ಲಿಗೆ ಅಪರೂಪಕ್ಕೆ ಬರುತ್ತಾನೆ, ಬಂದರೂ ಭಾನುವಾರವೇ ಬಂದಿರುತ್ತಾನೆಂಬ ಖಾತ್ರಿಯಿಲ್ಲ. ನೀವು ಪ್ರತಿ ವಾರ ಅಲ್ಲಿ ತರಕಾರಿ ಕೊಳ್ಳುವವರು. ಹವ್ಯಾಸಿಯ ಬಂಡವಾಳ ಇದೊಂದೇ: ಅಲ್ಲೇ ಇರುವುದು, ಮತ್ತೆ ಮತ್ತೆ ಹೋಗುವುದು, ಕಂಡದ್ದರ ಹೆಸರು ತಿಳಿದಿರುವುದು. ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳಿಗಾಗಿ ಆಫ್ರಿಕಾಕ್ಕೆ ಹೋಗಲಿಲ್ಲ. ಮೂಡಿಗೆರೆಯ ತಮ್ಮ ತೋಟದ ಸುತ್ತಲೇ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕಾದರು.

ಫೋಟೋ ಮಾರಾಟ ಎಂದು ಒಂದೇ ಹೆಸರಿಟ್ಟು ಕರೆದರೂ ಇಲ್ಲಿರುವುದು ಎರಡು ವ್ಯಾಪಾರ. ಮೊದಲನೆಯದರಲ್ಲಿ ಚಿತ್ರ ಕಡತವಾಗಿಯೇ ಉಳಿಯುತ್ತದೆ, ಅದನ್ನು ಬಳಸುವ ಹಕ್ಕನ್ನಷ್ಟೇ ಮಾರುತ್ತೀರಿ. ಕೊಳ್ಳುವವರು ಪತ್ರಿಕೆಗಳು, ಪಠ್ಯಪುಸ್ತಕ ಪ್ರಕಾಶಕರು, ಪ್ರವಾಸಿ ಕಂಪನಿಗಳು, ಜಾಹೀರಾತು ಸಂಸ್ಥೆಗಳು. ಒಂದೇ ಚಿತ್ರವನ್ನು ನೂರು ಜನರಿಗೆ ಮಾರಬಹುದು, ಪ್ರತಿ ಸಲ ಸಿಗುವುದು ಚಿಲ್ಲರೆ ಕಾಸು. ಎರಡನೆಯದರಲ್ಲಿ ಚಿತ್ರ ಕಾಗದದ ಮೇಲೆ ಮೂಡಿದ ವಸ್ತುವಾಗುತ್ತದೆ: ಪೋಸ್ಟ್‌ಕಾರ್ಡು, ಕ್ಯಾಲೆಂಡರು, ಚೌಕಟ್ಟು ಹಾಕಿದ ಪ್ರಿಂಟು. ಇಲ್ಲಿ ಕೊಳ್ಳುವವರು ಆ ಊರಿನವರೇ, ಇಲ್ಲವೇ ಆ ಊರು ಬಿಟ್ಟು ಹೋಗುತ್ತಿರುವವರು. ಮೂರು ವರ್ಷ ಬಾಂಗ್ಸಾರಿನಲ್ಲಿದ್ದು ಬೆಂಗಳೂರಿಗೋ ಲಂಡನ್ನಿಗೋ ವರ್ಗವಾದ ಸಂಸಾರಕ್ಕೆ ಗೋಡೆಯ ಮೇಲೆ ಅವಳಿ ಗೋಪುರಕ್ಕಿಂತ ತಾವು ದಿನವೂ ಚಹಾ ಕುಡಿದ ಮೂಲೆ ಪ್ರಿಯವಾಗಿರುತ್ತದೆ. ಈ ಎರಡು ವ್ಯಾಪಾರಗಳಿಗೆ ಬೇಕಾದ ಚಿತ್ರಗಳೂ ಬೇರೆ. ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲೇ: ಗೋಡೆಗೆ ಒಪ್ಪುವ ಮಂಜು ಮುಸುಕಿದ ಚಿತ್ರವನ್ನು ಬಳಕೆಯ ಹಕ್ಕು ಮಾರುವ ಸ್ಟಾಕ್ ತಾಣಕ್ಕೆ ಏರಿಸುತ್ತಾರೆ, ಪತ್ರಿಕೆಗೆ ಒಪ್ಪುವ ಮಾಹಿತಿ ಚಿತ್ರಕ್ಕೆ ಚೌಕಟ್ಟು ಹಾಕಿಸುತ್ತಾರೆ.

ಕಡತದ ವ್ಯಾಪಾರ ನೋಡೋಣ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಅಲಾಮಿ ಈ ಬಜಾರಿನ ಪರಿಚಿತ ಹೆಸರುಗಳು. 2003ರಲ್ಲಿ ಶುರುವಾದ ಶಟರ್‌ಸ್ಟಾಕ್ 2020ರಿಂದ ಚಿತ್ರಕಾರರಿಗೆ ಮಾರಾಟದ ಬೆಲೆಯಲ್ಲಿ ಶೇ 15ರಿಂದ ಶೇ 40ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಪಾಲು ಕೊಡುವ ಪದ್ಧತಿ ತಂದಿತು. ಪ್ರತಿ ಜನವರಿಯಲ್ಲಿ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಅಡೋಬಿ ಫೋಟೋಗಳಿಗೆ ಶೇ 33 ಕೊಡುತ್ತದೆ. ಚಂದಾದಾರ ಗಿರಾಕಿ ಒಂದು ಚಿತ್ರ ಇಳಿಸಿಕೊಂಡರೆ ಕೈಗೆ ಬರುವುದು ಸುಮಾರು 0.33 ಡಾಲರ್. 25 ಡಾಲರ್ ಕೂಡುವವರೆಗೆ ಹಣ ತೆಗೆಯುವಂತಿಲ್ಲ. ಆ ಲೆಕ್ಕದಲ್ಲಿ ಮೊದಲ ಪಾವತಿ ಕಾಣಲು ಎಪ್ಪತ್ತಾರು ಸಲ ಚಿತ್ರ ಮಾರಾಟವಾಗಬೇಕು. ಬ್ರಿಟನ್ನಿನ ಅಲಾಮಿಯಲ್ಲಿ ಮಾರಾಟಗಳ ಸಂಖ್ಯೆ ಕಡಿಮೆ, ಒಂದೊಂದರ ಬೆಲೆ ಹೆಚ್ಚು. ನಿರ್ದಿಷ್ಟ ಊರು, ನಿರ್ದಿಷ್ಟ ಬೀದಿ ಹುಡುಕುವ ಪತ್ರಿಕೆಗಳೂ ಪ್ರಕಾಶಕರೂ ಅಲ್ಲಿಗೆ ಬರುತ್ತಾರೆ. ಬಡಾವಣೆಯ ಚಿತ್ರಕಾರರಿಗೆ ಮೂರರಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ. ಸಂಬಳ ಬಿಟ್ಟು ಮಾಡುವಷ್ಟು ಆದಾಯ ಇವುಗಳಲ್ಲಿ ಯಾವುದರಿಂದಲೂ ಹವ್ಯಾಸಿಗೆ ಬರುವುದಿಲ್ಲ. ಲೆನ್ಸಿನ ಖರ್ಚು ಹುಟ್ಟಿದರೆ ಚೆನ್ನಾಗಿಯೇ ನಡೆದಿದೆ ಎಂದುಕೊಳ್ಳಬೇಕು.

ಯಂತ್ರಬುದ್ಧಿ ಬರೆದುಕೊಡುವ ಚಿತ್ರಗಳು ಬಂದ ಮೇಲೆ ನಗುವ ಕುಟುಂಬ, ಕೈಕುಲುಕುವ ಅಧಿಕಾರಿಗಳಂಥ ಸಾಮಾನ್ಯ ಚಿತ್ರಗಳ ಬೆಲೆ ಬಿದ್ದಿದೆ. ಆದರೆ ಇಂಥ ದಿನ, ಇಂಥ ಬೀದಿಯಲ್ಲಿ ನಿಜವಾಗಿ ಕಂಡದ್ದನ್ನು ಯಂತ್ರ ಕಲ್ಪಿಸಿ ಕೊಟ್ಟರೆ ಪತ್ರಿಕೆಗೆ ಉಪಯೋಗವಿಲ್ಲ. ಬಾಂಗ್ಸಾರ್ ಎಲ್‌ಆರ್‌ಟಿ ರೈಲು ನಿಲ್ದಾಣ 1998ರಲ್ಲಿ ತೆರೆದಾಗ ಅದರ ಸುತ್ತ ಏನಿತ್ತು, ಈಗ ಏನಿದೆ ಎಂದು ತೋರಿಸುವ ಎರಡು ಸಾದಾ ಚಿತ್ರಗಳು ನೂರು ಸೂರ್ಯಾಸ್ತಗಳಿಗಿಂತ ಹೆಚ್ಚು ದಿನ ಬದುಕುತ್ತವೆ. ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿದ 'ಹಂಡ್ರೆಡ್ ಕ್ವಾರ್ಟರ್ಸ್' ಎಂಬ ಸಾಲುಮನೆಗಳಿದ್ದವು. ಕಳೆದ ದಶಕದಲ್ಲಿ ಅವನ್ನು ಕೆಡವಿದರು. ಅವು ನಿಂತಿದ್ದಾಗ ಬಾಗಿಲು, ಕಿಟಕಿ, ಒಣಗಲು ಹಾಕಿದ ಬಟ್ಟೆ ಸಮೇತ ಚಿತ್ರ ತೆಗೆದಿಟ್ಟವರ ಕಡತಕ್ಕೆ ಇನ್ನು ಹೊಸ ಪೈಪೋಟಿದಾರ ಹುಟ್ಟುವುದಿಲ್ಲ. ಆದ್ದರಿಂದ ಬಡಾವಣೆಯಲ್ಲಿ ಯಾವ ಅಂಗಡಿಯ ಮುಂದೆ 'ಸ್ಥಳಾಂತರಗೊಳ್ಳುತ್ತಿದ್ದೇವೆ' ಎಂಬ ಫಲಕ ಬಿದ್ದಿದೆ, ಯಾವ ಕಟ್ಟಡಕ್ಕೆ ತಗಡಿನ ಬೇಲಿ ಸುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿರಲಿ. ಹಬ್ಬಗಳಿಗೂ ಇದೇ ಮಾತು. ಹರಿ ರಾಯ (ಈದ್), ಚೀನೀ ಹೊಸವರ್ಷ, ದೀಪಾವಳಿ ಮೂರೂ ಒಂದೇ ಬೀದಿಯಲ್ಲಿ ಸಾಲಾಗಿ ಬಂದುಹೋಗುವ ಊರಿದು. ಚಿತ್ರವನ್ನು ಏರಿಸಬೇಕಾದ ಕಾಲ ಮಾತ್ರ ಹಬ್ಬಕ್ಕೆ ಎರಡು ಮೂರು ತಿಂಗಳು ಮೊದಲು, ಸಂಪಾದಕರು ಹುಡುಕುವುದು ಆಗಲೇ. ಈ ದೀಪಾವಳಿಗೆ ತೆಗೆದದ್ದು ಮಾರಾಟವಾಗುವುದು ಮುಂದಿನ ದೀಪಾವಳಿಗೆ.

ಬೆಳಕಿನ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಕ್ವಾಲಾಲಂಪುರ ಸಮಭಾಜಕದಿಂದ ಮೂರು ಡಿಗ್ರಿ ಉತ್ತರಕ್ಕಷ್ಟೇ ಇರುವುದರಿಂದ ವರ್ಷವಿಡೀ ಸೂರ್ಯ ಮುಳುಗುವುದು ಏಳರಿಂದ ಏಳೂವರೆಯ ಆಸುಪಾಸಿನಲ್ಲಿ, ಮುಳುಗಿದ ಮೇಲೆ ಇಪ್ಪತ್ತೇ ನಿಮಿಷಕ್ಕೆ ಕತ್ತಲು. ಮಧ್ಯಾಹ್ನದ ಗುಡುಗುಮಳೆ ನಿಂತ ಮೇಲೆ ಸಿಗುವ ಒದ್ದೆ ರಸ್ತೆಯ ಹೊಳಪನ್ನು ಬಿಡಬೇಡಿ. ಆ ಹವೆಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಕಟ್ಟುವುದು ಖಂಡಿತ. ಕ್ಯಾಮೆರಾವನ್ನು ಬೀರುವಿನ ಬಟ್ಟೆಗಳ ನಡುವೆ ಇಡದೆ, ತೇವಾಂಶ ಶೇ 40ರಿಂದ 50ರೊಳಗಿರುವ ಡ್ರೈ ಕ್ಯಾಬಿನೆಟ್‌ನಲ್ಲಿಡಿ.

ಚಿತ್ರ ತೆಗೆಯುವುದು ಅರ್ಧ ಕೆಲಸ. ಉಳಿದರ್ಧ ಅದರ ಕೆಳಗಿನ ಬರಹ. ಕೊಳ್ಳುವವನು ಕಣ್ಣಿಂದ ಹುಡುಕುವುದಕ್ಕೆ ಮೊದಲು ಪದದಿಂದ ಹುಡುಕುತ್ತಾನೆ. ಶಟರ್‌ಸ್ಟಾಕ್ ಒಂದು ಚಿತ್ರಕ್ಕೆ ಐವತ್ತು ಹುಡುಕುಪದ ಕೊಡಲು ಬಿಡುತ್ತದೆ, ಅಡೋಬಿ ನಲವತ್ತೊಂಬತ್ತು. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ತೂಕ ಹೆಚ್ಚು. 'ಸುಂದರ', 'ಏಷ್ಯಾ', 'ಪ್ರವಾಸ' ಎಂದು ಜಾಗ ತುಂಬಿಸಿದರೆ ಲಕ್ಷಗಟ್ಟಲೆ ಚಿತ್ರಗಳ ರಾಶಿಯಲ್ಲಿ ನಿಮ್ಮದು ಅಡಿಗೆ ಹೋಗುತ್ತದೆ. ಬೀದಿಯ ಹೆಸರು, ತಿಂಡಿಯ ಹೆಸರು, ಮರದ ಹೆಸರು, ಹಬ್ಬದ ಹೆಸರು ಮೊದಲು ಬರಲಿ. ಜಾಗಕ್ಕೆ ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ: ಕಂಪುಂಗ್ ಕೆರಿಂಚಿಯ ಒಂದು ಭಾಗಕ್ಕೆ ಕಟ್ಟಡ ಕಂಪನಿಯವರು 'ಬಾಂಗ್ಸಾರ್ ಸೌತ್' ಎಂದು ಹೆಸರಿಟ್ಟರು. 2018ರಲ್ಲಿ ಹಳೆಯ ಹೆಸರನ್ನು ಮರಳಿ ತಂದರೂ ಜನ ಎರಡನ್ನೂ ಹೇಳುತ್ತಾರೆ, ಎರಡರಲ್ಲೂ ಹುಡುಕುತ್ತಾರೆ. ಪಸಾರ್ ಮಾಲಂ ಜೊತೆ ಅದರ ಇಂಗ್ಲಿಷ್ ಹೆಸರೂ ಇರಲಿ. ಹೊರದೇಶದವರಿಗೆ ಬಾಂಗ್ಸಾರ್ ಗೊತ್ತಿರುವುದಿಲ್ಲವಾದ್ದರಿಂದ ಕ್ವಾಲಾಲಂಪುರ, ಮಲೇಷ್ಯಾ ಇವು ಬಿಟ್ಟುಹೋಗಬಾರದು. ಸುದ್ದಿ ಬಳಕೆಯ ಚಿತ್ರಕ್ಕೆ ಊರು, ದೇಶ, ತಿಂಗಳು, ದಿನಾಂಕ, ವರ್ಷ ಮೊದಲು ಬರೆದು, ಬಳಿಕ ಚಿತ್ರದಲ್ಲೇನಿದೆ ಎಂದು ಒಂದು ವಾಕ್ಯದಲ್ಲಿ ಹೇಳುವುದು ಈ ತಾಣಗಳು ಒಪ್ಪುವ ಕ್ರಮ. ಈ ಬರಹವನ್ನು ಪ್ರತಿ ತಾಣದಲ್ಲೂ ಹೊಸದಾಗಿ ಟೈಪಿಸುವುದು ಬೇಡ. ಲೈಟ್‌ರೂಮಿನಂಥ ತಂತ್ರಾಂಶದಲ್ಲಿ ಒಮ್ಮೆ ಬರೆದರೆ ಅದು ಕಡತದೊಳಗೇ ಕೂತು ಹೋದಲ್ಲೆಲ್ಲ ಹೋಗುತ್ತದೆ.

ಸುದ್ದಿ ಬಳಕೆ, ಜಾಹೀರಾತು ಬಳಕೆ ಇವುಗಳ ವ್ಯತ್ಯಾಸ ತಿಳಿಯದೆ ಮುಂದೆ ಹೋಗುವಂತಿಲ್ಲ. ಸಂತೆಯಲ್ಲಿ ಚಹಾ ಸುರಿಯುವ ಅಂಕಲ್‌ನ ಮುಖ ಗುರುತು ಸಿಗುವಂತಿದೆ ಎಂದಿಟ್ಟುಕೊಳ್ಳಿ. ಮಲೇಷ್ಯಾದ ಬೀದಿ ತಿಂಡಿಗಳ ಬಗೆಗಿನ ಲೇಖನಕ್ಕೆ ಆ ಚಿತ್ರ ಸಲ್ಲುತ್ತದೆ. ಅದೇ ಚಿತ್ರವನ್ನು ಹಾಲಿನಪುಡಿ ಕಂಪನಿ ತನ್ನ ಫಲಕದ ಮೇಲೆ ಹಾಕಬೇಕಾದರೆ ಅವರ ಸಹಿಯಿರುವ ಒಪ್ಪಿಗೆ ಪತ್ರ ಬೇಕು. ಸಾಕ್ಷಿಯ ಸಹಿ ಕೇಳುವ ತಾಣಗಳೂ ಇವೆ. ಖಾಸಗಿ ಮನೆ, ಅಂಗಡಿಯ ಒಳಾಂಗಣ ಮುಖ್ಯ ವಸ್ತುವಾಗಿದ್ದರೆ ಮಾಲೀಕರ ಪತ್ರ. ಒಪ್ಪಿಗೆ ಪತ್ರದ ನಮೂನೆ ತಾಣಗಳಲ್ಲೇ ಸಿಗುತ್ತದೆ, ಫೋನಿನಲ್ಲೇ ಸಹಿ ಹಾಕಿಸಬಹುದು. ಕೇಳುವ ರೀತಿ ಮುಖ್ಯ. ಮಾಮಕ್ (ತಮಿಳು ಮುಸ್ಲಿಮರ ಹೋಟೆಲು) ಅಂಗಡಿಯವರಿಗೆ 'ಬಾಸ್', ತಮಿಳರಾದರೆ 'ಅಣ್ಣೇ', ಮಲಯ್ ಹೆಂಗಸರಾದರೆ 'ಕಾಕ್', ಚೀನೀ ಹಿರಿಯರಿಗೆ 'ಅಂಕಲ್', 'ಆಂಟಿ' ಎಂದು ಕರೆದು, 'ಬೋಲೇ ಆಂಬಿಲ್ ಗಂಬಾರ್?' (ಫೋಟೋ ತೆಗೆಯಬಹುದೇ?) ಎಂದು ಕೇಳಿದರೆ ಬಹುತೇಕರು ನಕ್ಕು ತಲೆಯಾಡಿಸುತ್ತಾರೆ. ಮಾರುತ್ತೇನೆ ಎಂಬುದನ್ನೂ ಆಗಲೇ ಹೇಳಿಬಿಡಿ. ಮುಂದಿನ ವಾರ ಒಂದು ಪ್ರಿಂಟು ತಂದುಕೊಟ್ಟರೆ ಆ ಅಂಗಡಿ ಆಮೇಲೆ ನಿಮ್ಮದೇ. ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಎತ್ತದಿರುವುದೇ ಸರಿ. ಕಾನೂನು ಏನೇ ಹೇಳಲಿ, ನನ್ನ ಅಭಿಪ್ರಾಯ ಇದು.

ಕಟ್ಟಡಗಳು ಮತ್ತು ಗೋಡೆಚಿತ್ರಗಳ ಬಗ್ಗೆ ಕಾನೂನು ಅಷ್ಟು ಕಠಿಣವಲ್ಲ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಶಾಶ್ವತವಾಗಿರುವ ಕಲಾಕೃತಿಯ ಪ್ರತಿ ಮಾಡುವುದಕ್ಕೂ ಹಂಚುವುದಕ್ಕೂ ಮಲೇಷ್ಯಾದ 1987ರ ಹಕ್ಕುಸ್ವಾಮ್ಯ ಕಾಯ್ದೆಯ 13ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಭಾರತದ 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಕಟ್ಟಡಗಳಿಗೂ ಸಾರ್ವಜನಿಕ ಸ್ಥಳದ ಶಿಲ್ಪಗಳಿಗೂ ಅಂಥ ವಿನಾಯಿತಿ ಇದೆ. ಹಾಗಿದ್ದೂ ಸ್ಟಾಕ್ ತಾಣಗಳು ಎಲ್ಲ ದೇಶಗಳಿಗೂ ಮಾರುವುದರಿಂದ ಗೋಡೆಚಿತ್ರವೊಂದೇ ತುಂಬಿರುವ ಫೋಟೋಗೆ ಕಲಾವಿದರ ಒಪ್ಪಿಗೆ ಕೇಳುತ್ತವೆ. ಮಾಲ್‌ಗಳು ಖಾಸಗಿ ಜಾಗ. ಭದ್ರತಾ ಸಿಬ್ಬಂದಿ ಬೇಡವೆಂದರೆ ವಾದಿಸುವುದು ವ್ಯರ್ಥ. ಟ್ರೈಪಾಡ್ ಕಂಡರಂತೂ ಅವರು ಬಂದೇ ಬರುತ್ತಾರೆ. (ಹಂಪಿಯಲ್ಲೂ ಅಷ್ಟೇ: ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತಕರಾರಿಲ್ಲ, ಟ್ರೈಪಾಡ್ ಹೂಡಿದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.) ಇದಕ್ಕಿಂತ ಗಂಭೀರವಾದದ್ದು 'ಕವಾಸಾನ್ ಲಾರಂಗಾನ್' ಎಂದು ಬರೆದ ಕೆಂಪು ಫಲಕ. ಬಂದೂಕು ಹಿಡಿದ ಸಿಪಾಯಿಯ ಚಿತ್ರವಿರುವ ಆ ಫಲಕ 1959ರ ಸಂರಕ್ಷಿತ ಪ್ರದೇಶಗಳ ಕಾಯ್ದೆಯಡಿ ಬರುವ ಜಾಗಗಳ ಮುಂದೆ ನಿಂತಿರುತ್ತದೆ. ಅಂಥಲ್ಲಿ ಕ್ಯಾಮೆರಾ ಚೀಲದಿಂದ ಹೊರಗೆ ಬರಕೂಡದು. ಡ್ರೋನ್ ಹಾರಿಸಲು ನಾಗರಿಕ ವಿಮಾನಯಾನ ಪ್ರಾಧಿಕಾರದ ನಿಯಮಗಳಿವೆ, ಆಕಾಶದಿಂದ ಚಿತ್ರ ತೆಗೆಯಲು ಭೂಮಾಪನ ಇಲಾಖೆ ಜುಪೆಮ್‌ನ ಪರವಾನಗಿಯೂ ಬೇಕು. ಹವ್ಯಾಸಿಗೆ ಇಷ್ಟು ತಲೆನೋವು ಯಾಕೆ? ಗುಡ್ಡದ ರಸ್ತೆಯಿಂದ ಸಿಗುವ ಎತ್ತರವೇ ಸಾಲದೇ?

ಇನ್ನೊಂದು ಹಕ್ಕಿನ ಮಾತು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ನೇರವಾಗಿ ತಾಗುವಂಥದ್ದು. ಕನ್ನಡ ಸಂಘದ ರಾಜ್ಯೋತ್ಸವಕ್ಕೋ, ಯಾರದೋ ಮಗುವಿನ ನಾಮಕರಣಕ್ಕೋ ಹಣ ಪಡೆದು ಫೋಟೋ ತೆಗೆದಿದ್ದೀರಿ ಎನ್ನೋಣ. ಬೇರೆ ಒಪ್ಪಂದವಿಲ್ಲದಿದ್ದರೆ ಆ ಚಿತ್ರಗಳ ಹಕ್ಕು ತೆಗೆಸಿಕೊಂಡವರದ್ದು. ಮಲೇಷ್ಯಾದಲ್ಲೂ ಹೀಗೆಯೇ, ಭಾರತದಲ್ಲೂ ಹೀಗೆಯೇ. ಅವನ್ನು ತಾಣಕ್ಕೆ ಏರಿಸುವಂತಿಲ್ಲ. ವಿಕಿಮೀಡಿಯಾ ಕಾಮನ್ಸ್‌ಗೆ ಮುಕ್ತ ಪರವಾನಗಿಯಡಿ ಕೊಟ್ಟ ಚಿತ್ರದ ಕಥೆಯೂ ಗೊತ್ತಿರಲಿ. ಆ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು, ಬೇರೆಯವರು ನಿಮ್ಮ ಹೆಸರು ಹಾಕಿ ಅದನ್ನು ವ್ಯಾಪಾರಕ್ಕೂ ಬಳಸಬಹುದು. ಕೊಡುವುದು ಒಳ್ಳೆಯ ಕೆಲಸ. ಯಾವುದನ್ನು ಕೊಡುತ್ತೇವೆ, ಯಾವುದನ್ನು ಮಾರುತ್ತೇವೆ ಎಂದು ಮೊದಲೇ ಬೇರೆ ಮಾಡಿಟ್ಟುಕೊಂಡರಾಯಿತು.

ಬಾಂಗ್ಸಾರಿನ ಕನ್ನಡಿಗರಲ್ಲಿ ಉದ್ಯೋಗದ ವೀಸಾದ ಮೇಲೆ ಬಂದವರೂ, ಅವರ ಅವಲಂಬಿತರಾಗಿ ಬಂದ ಪತ್ನಿ ಅಥವಾ ಪತಿಯರೂ ಇರುತ್ತಾರೆ. ಬಿಡುವು ಹೆಚ್ಚಿರುವುದು ಎರಡನೆಯವರಿಗೆ, ಕಾನೂನಿನ ಕಟ್ಟು ಬಿಗಿಯಿರುವುದೂ ಅವರಿಗೇ. ಎಂಪ್ಲಾಯ್‌ಮೆಂಟ್ ಪಾಸ್ ಒಬ್ಬ ಮಾಲೀಕರ ಬಳಿ ಒಂದು ಕೆಲಸ ಮಾಡಲು ಕೊಟ್ಟ ಅನುಮತಿ. ಡಿಪೆಂಡೆಂಟ್ ಪಾಸ್‌ನಲ್ಲಿರುವವರು ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಏಕವ್ಯಕ್ತಿ ವ್ಯಾಪಾರವನ್ನು ಕಂಪನಿ ಆಯೋಗ ಎಸ್‌ಎಸ್‌ಎಂನಲ್ಲಿ ನೋಂದಾಯಿಸಬಲ್ಲವರು ಮಲೇಷ್ಯಾದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಮಾತ್ರ; ಅವರಿಗೆ ಸ್ವಂತ ಹೆಸರಿನಲ್ಲಾದರೆ ವರ್ಷಕ್ಕೆ 30 ರಿಂಗಿಟ್, ವ್ಯಾಪಾರದ ಹೆಸರಿಟ್ಟರೆ 60. ಆದ್ದರಿಂದ ವೀಸಾದ ಮೇಲಿರುವವರು ಸಂತೆಯಲ್ಲಿ ಮೇಜು ಹಾಕುವ ಮುನ್ನ, ತಾಣದಲ್ಲಿ ಖಾತೆ ತೆರೆಯುವ ಮುನ್ನವೂ, ಕಂಪನಿಯ ಎಚ್‌ಆರ್‌ ವಿಭಾಗವನ್ನೂ ವಲಸೆ ಇಲಾಖೆಯನ್ನೂ ಬರಹದಲ್ಲಿ ಕೇಳಬೇಕು. 'ಹವ್ಯಾಸ ತಾನೇ' ಎಂಬ ಸಮಾಧಾನ ವಲಸೆ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ. ಅಲ್ಲಿ ಮಾರಲಾಗದವರು ಚಿತ್ರ ತೆಗೆದು, ದಿನಾಂಕ ಹೆಸರು ಬರೆದು ಜೋಡಿಸಿಟ್ಟುಕೊಳ್ಳಲಿ. ಊರಿಗೆ ಮರಳಿದ ಮೇಲೆ ಮಾರಲು ಅಡ್ಡಿಯಿಲ್ಲ.

ತೆರಿಗೆಯಲ್ಲೂ ನೀವು ಎಲ್ಲಿಯ ನಿವಾಸಿ ಎಂಬುದು ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ತಾಣಗಳು ಖಾತೆ ತೆರೆಯುವಾಗ ಡಬ್ಲ್ಯು-8ಬಿಇಎನ್ ಎಂಬ ನಮೂನೆ ತುಂಬಿಸಿಕೊಳ್ಳುತ್ತವೆ. ಅಮೆರಿಕದ ಗಿರಾಕಿಗಳಿಂದ ಬಂದ ರಾಯಧನದ ಮೇಲೆ, ಆ ದೇಶದೊಂದಿಗೆ ಆದಾಯ ತೆರಿಗೆ ಒಪ್ಪಂದವಿಲ್ಲದ ಮಲೇಷ್ಯಾದ ನಿವಾಸಿಗೆ ಶೇ 30 ಮುರಿದುಕೊಳ್ಳುತ್ತಾರೆ. ಭಾರತದ ನಿವಾಸಿಗೆ ಒಪ್ಪಂದದ ಪ್ರಕಾರ ಶೇ 15. ಉಳಿದದ್ದನ್ನು ನೀವಿರುವ ದೇಶದ ತೆರಿಗೆ ಇಲಾಖೆಗೆ ತೋರಿಸಬೇಕು.

ಕಾಗದದ ವ್ಯಾಪಾರಕ್ಕೆ ಬಂದರೆ ಮೊದಲ ಪ್ರಶ್ನೆ ಅಳತೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಎಂದು ಹಿಡಿದರೆ ಎ4 ಹಾಳೆಗೆ 2480 × 3508 ಪಿಕ್ಸೆಲ್ ಬೇಕು, ಎ3ಗೆ 3508 × 4961. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಎ4ಗೆ ಧಾರಾಳ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಎ3ಯನ್ನೂ ದಾಟಿ ಇಪ್ಪತ್ತು ಇಂಚಿನ ಅಗಲಕ್ಕೆ ಹೋಗುತ್ತದೆ. ಕತ್ತರಿಸಿದರೆ ಪಿಕ್ಸೆಲ್ ಕಳೆದುಹೋಗುತ್ತದೆ, ಹಾಗಾಗಿ ತೆಗೆಯುವಾಗಲೇ ಚೌಕಟ್ಟು ಸರಿಯಿರಲಿ. ಮೊದಲು ಎ4 ಒಂದನ್ನು ಮುದ್ರಿಸಿ, ಹಗಲು ಬೆಳಕಿನಲ್ಲಿ ನೋಡಿ. ಪರದೆಯ ಮೇಲೆ ಹೊಳೆದದ್ದು ಕಾಗದದ ಮೇಲೆ ಮಂಕಾಗುವುದೇ ಹೆಚ್ಚು.

ಮಾರುವ ಜಾಗಗಳು ಬಾಂಗ್ಸಾರಿನಲ್ಲೇ ಇವೆ. ರಿಯೊಂಗ್ ರಸ್ತೆಯ ಹಳೆಯ ಮುದ್ರಣಾಲಯವೊಂದು ಈಗ ಎಪಿಡಬ್ಲ್ಯು ಎಂಬ ಹೆಸರಿನ ಕಾಫಿ, ಕಲೆ, ಕಾರ್ಯಕ್ರಮಗಳ ಆವರಣವಾಗಿದೆ. ಇಂಥ ಕಡೆ ನಡೆಯುವ ಕುಶಲ ವಸ್ತುಗಳ ಸಂತೆಯಲ್ಲಿ ಮೇಜು ಬಾಡಿಗೆಗೆ ಹಿಡಿಯಬಹುದು. ಗೋಡೆ ಖಾಲಿಯಿರುವ ಕೆಫೆಗಳು ಮಾರಾಟವಾದಾಗ ಮಾತ್ರ ಪಾಲು ಪಡೆಯುವ ಕರಾರಿನ ಮೇಲೆ ಚಿತ್ರ ತೂಗುಹಾಕಿಕೊಳ್ಳುತ್ತವೆ; ಪಾಲು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೆ. ಲೆಕ್ಕ ಹೀಗಿಟ್ಟುಕೊಳ್ಳಿ: ಒಂದು ಎ3 ಪ್ರಿಂಟಿಗೆ ಕಾಗದ ಮುದ್ರಣ ಸೇರಿ 25 ರಿಂಗಿಟ್, ರಟ್ಟಿನ ಚೌಕಟ್ಟಿಗೆ 15, ಮಾರುವ ಬೆಲೆ 120 ಎನ್ನೋಣ. ಕೆಫೆ ಶೇ 40 ಇಟ್ಟುಕೊಂಡರೆ 48 ಹೋಯಿತು, ನಿಮಗುಳಿದದ್ದು 32. ಬೆಲೆಯನ್ನು 80ಕ್ಕೆ ಇಳಿಸಿದರೆ ಉಳಿಯುವುದು 8. ನಾಚಿಕೆಯಿಂದ ಬೆಲೆ ಇಳಿಸುವವರಿಗೆ ಈ ಲೆಕ್ಕ ಗೋಡೆಯ ಮೇಲೆ ಅಂಟಿಸಿಕೊಳ್ಳಲು ಹೇಳುತ್ತೇನೆ. ಎಟ್ಸಿ ಎಂಬ ಅಂತರಜಾಲ ಮಾರುಕಟ್ಟೆಯಲ್ಲಿ ಮಾರಿದರೆ ಪ್ರತಿ ವಸ್ತು ಪಟ್ಟಿ ಮಾಡಲು 0.20 ಡಾಲರ್, ಮಾರಾಟದ ಮೇಲೆ ಶೇ 6.5, ಅದರ ಮೇಲೆ ಹಣ ಪಾವತಿಯ ಶುಲ್ಕ. ಕೆಫೆಗಿಂತ ಅಗ್ಗ ನಿಜ, ಆದರೆ ಗಿರಾಕಿಯನ್ನು ನೀವೇ ಕರೆತರಬೇಕು. ಪೋಸ್ಟ್‌ಕಾರ್ಡುಗಳು ಬಿಡಿಯಾಗಿ ಲಾಭ ತರುವುದಿಲ್ಲ. ಎಂಟು ಹತ್ತು ಸೇರಿಸಿ ಕಟ್ಟು ಮಾಡಿದರೆ, ಊರು ಬಿಡುವವರಿಗೆ ಕೊಡುವ ಉಡುಗೊರೆಯಾಗಿ ಹೋಗುತ್ತವೆ.

ಮಧ್ಯವರ್ತಿಗಳಿಲ್ಲದೆ ನೇರವಾಗಿಯೂ ಬೇಡಿಕೆ ಬರುವುದುಂಟು. ಸ್ಥಳೀಯ ಪತ್ರಿಕೆಯೋ, ಫ್ಲ್ಯಾಟ್ ಮಾರುವ ಏಜೆಂಟೋ, ಹೊಸ ಹೋಟೆಲಿಗೆ ಗೋಡೆ ತುಂಬಿಸುತ್ತಿರುವ ಒಳಾಂಗಣ ವಿನ್ಯಾಸಕರೋ ಇನ್‌ಸ್ಟಾಗ್ರಾಂ ನೋಡಿ 'ಇದು ಸಿಗುತ್ತದೆಯೇ' ಎಂದು ಕೇಳುತ್ತಾರೆ. 'ನಿಮ್ಮ ಹೆಸರು ಹಾಕುತ್ತೇವೆ' ಎಂಬುದು ಮೊದಲ ಕೊಡುಗೆಯಾಗಿರುತ್ತದೆ. ಹೆಸರು ಹಾಕುವುದು ಅವರ ಕರ್ತವ್ಯ, ಅದನ್ನು ಬೆಲೆಯ ಬದಲಿಗೆ ಒಪ್ಪಿಕೊಳ್ಳಬೇಡಿ. ಉತ್ತರದ ಇಮೇಲ್‌ನಲ್ಲಿ ಐದು ಸಂಗತಿ ಬರೆದರೆ ಅದೇ ಕರಾರುಪತ್ರ: ಯಾವ ಚಿತ್ರ, ಎಲ್ಲಿ ಬಳಸುತ್ತಾರೆ, ಎಷ್ಟು ಕಾಲ, ಯಾವ ದೇಶಗಳಲ್ಲಿ, ಎಷ್ಟು ಹಣ ಯಾವ ದಿನದೊಳಗೆ. ಪೂರ್ಣ ಅಳತೆಯ ಕಡತವನ್ನು ಹಣ ಬಂದ ಮೇಲೆ ಕಳಿಸಿ, ಅಲ್ಲಿಯವರೆಗೆ ಅಗಲ 1200 ಪಿಕ್ಸೆಲ್‌ನ ಪ್ರತಿ ಸಾಕು. ಬೇರೆ ಯಾರಿಗೂ ಕೊಡಬಾರದು ಎಂದು ಅವರು ಕೇಳಿದರೆ ಬೆಲೆ ಹಲವು ಪಟ್ಟು ಹೆಚ್ಚಬೇಕು. ಅದಕ್ಕೂ ಮೊದಲು ಆ ಚಿತ್ರ ಯಾವುದಾದರೂ ಸ್ಟಾಕ್ ತಾಣದಲ್ಲಿ ಈಗಾಗಲೇ ಮಾರಾಟವಾಗಿದೆಯೇ ಎಂದು ನೋಡಿಕೊಳ್ಳಿ; ಆಗಿದ್ದರೆ ಆ ಭರವಸೆ ಕೊಡಲು ನಿಮಗೆ ಸಾಧ್ಯವಿಲ್ಲ, ಹಾಗೆಂದು ಮೊದಲೇ ತಿಳಿಸಿ, ಅದೇ ಸಂಜೆ ಅದೇ ಮೂಲೆಯಲ್ಲಿ ತೆಗೆದ ಇನ್ನೊಂದು ಚಿತ್ರವನ್ನು ತೋರಿಸಿ.